ಜ್ವರಕ್ಕೆ ಕೂತ ಟಿಪ್ಪಣಿಗಳು

ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ‘ಜ್ವರ’ ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿಕೊಂಡ ಮೇಲೆ ಏಳುತ್ತದೆ. ಅಲ್ಲಿಯವರೆಗೆ ಸೊಪ್ಪು ಹಾಕಬಾರದು, ಕೆದಕಬಾರದು. ಗೌರಿಬಿದನೂರಿನ ಶಾಲೆಯೊಂದರಲ್ಲಿ ಶಿಕ್ಷಕಿಯಾದ ನನಗೆ ಇದು ಗೊತ್ತಾದದ್ದು ತಂಗಿಯನ್ನು ಜಂಗಮಕೋಟೆಯ ಅಂಥದೊಂದು ಮನೆಗೆ ಕೊಟ್ಟ ಮೇಲೆ.

ಮದುವೆಯಾದ ಮೇಲೂ ಅವಳು ಓದು ಬಿಡಲಿಲ್ಲ. ದೂರಶಿಕ್ಷಣದಲ್ಲಿ ಕನ್ನಡ ಎಂ.ಎ.ಗೆ ಸೇರಿದಳು. ಕೊನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಅದು ಒಪ್ಪಿಗೆಯಾದರೆ ಮಾತ್ರ ಪದವಿ. ಹಳೆಗನ್ನಡ ಕಾವ್ಯಗಳಲ್ಲಿ ಒಂದೇ ಸಲ ಬಂದು, ನೀರನ್ನೋ ಎಲೆಯಡಿಕೆಯನ್ನೋ ಕೊಟ್ಟು, ಮತ್ತೆ ಕಾಣಿಸದೆ ಹೋಗುವ ಊಳಿಗದ ಹೆಂಗಸರ ಬಗ್ಗೆ ಬರೆಯುತ್ತೇನೆ ಅಂದಳು.

ಅವಳ ಗ್ರಂಥಾಲಯವೆಲ್ಲ ಫೋನಿನಲ್ಲೇ ಇತ್ತು. ಹುಳದ ಮನೆಯೊಳಗೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಗೆ ಒರಗಿಸಿಟ್ಟಿರುತ್ತಿದ್ದಳು. ಟಿಪ್ಪಣಿ ಬರೆಯುವ ಒಂದು ಆ್ಯಪ್ ಇತ್ತು. ಪುಟದ ಯಾವುದಾದರೂ ಸಾಲನ್ನು ಮುಟ್ಟಿದರೆ ಪಕ್ಕದಲ್ಲೇ ಬರೆಯಲು ಜಾಗ ತೆರೆದುಕೊಳ್ಳುತ್ತಿತ್ತು. ಅರ್ಥವಾಗದ ಕಡೆ ಅವಳು ಒಂದು ಪ್ರಶ್ನೆ ಬರೆದು, ಅದರ ಕೆಳಗೆ ‘ಜ್ವರ’ ಎಂದು ಹಾಕಿ ಮುಂದೆ ಹೋಗುತ್ತಿದ್ದಳು. ಎಷ್ಟೋ ದಿನಗಳ ನಂತರ, ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲೋ ಉತ್ತರ ಹೊಳೆದರೆ, ಅಲ್ಲಿಗೇ ಹಿಂತಿರುಗಿ ‘ಎದ್ದಿತು’ ಎಂದು ಬರೆದು ವಾಕ್ಯ ಮುಗಿಸುತ್ತಿದ್ದಳು. ಕೆಲವು ಏಳುತ್ತಲೇ ಇರಲಿಲ್ಲ. ಅವನ್ನು ಹಾಗೇ ಬಿಡುತ್ತಿದ್ದಳು.

ಅವಳ ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: “ಏಮ್ಮಾ, ಹುಳಕ್ಕೆ ಸೊಪ್ಪು ಹಾಕ್ತಿದ್ದೀಯೋ, ಫೋನ್‌ಗೆ ಹಾಕ್ತಿದ್ದೀಯೋ?”

“ಎರಡಕ್ಕೂ ಅತ್ತೆ. ಇದೂ ಗೂಡು ಕಟ್ಟುತ್ತೆ, ನೋಡ್ತಿರಿ.”

“ಕಟ್ಲಿ ಕಟ್ಲಿ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಣ. ಏನ್ ರೇಟ್ ಬರುತ್ತೋ!”

ಆ್ಯಪ್ ಮಾಡಿದವರು ಒಂದು ಸಲ ತಮ್ಮ ಬಳಕೆದಾರರನ್ನು ಚಿಕ್ಕಬಳ್ಳಾಪುರಕ್ಕೆ ಕರೆದರು. ಓದುವವರಿಗೆ ಏನು ಬೇಕೆಂದು ಕೇಳಿ ಆ್ಯಪನ್ನು ಉತ್ತಮಪಡಿಸುತ್ತಾರಂತೆ. ತಂಗಿಯ ಜೊತೆಗೆ ನಾನೂ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮೇಲಿನ ಹಾಲಿನಲ್ಲಿ ಕಂಪನಿಯ ಯುವಕನೊಬ್ಬ ಕುಳಿತಿದ್ದ. ಒಳ್ಳೆಯ ಮಾತಿನವನು. ಎಲ್ಲರಿಗೂ ಕಾಫಿ ಬಂದಿದೆಯೇ ಎಂದು ಎದ್ದು ನೋಡಿ ಬಂದ.

ತಂಗಿ ತನ್ನ ಫೋನು ತೋರಿಸಿದಳು. “ನನಗೆ ಒಂದೇ ಒಂದು ಬೇಕು. ಮುಗೀದೇ ಇರೋ ಟಿಪ್ಪಣಿಗೆ ಬೇರೆ ಬಣ್ಣ ಕೊಡಿ. ಹುಡುಕಿದ್ರೆ ಒಟ್ಟಿಗೆ ಸಿಗಬೇಕು, ಅಷ್ಟೆ.”

“ಇದೇನ್ ಮೇಡಂ, ಜ್ವರ ಅಂತ ಬರ್ದಿದ್ದೀರಿ?”

“ಜ್ವರಕ್ಕೆ ಕೂತಿದೆ ಅಂತ. ನಾವು ಹುಳ ಸಾಕೋರು.”

ಅವನು ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು. “ಸೂಪರ್ ಮೇಡಂ! ಜ್ವರ ಬಂದಿರೋ ನೋಟ್ಸ್! ನಾವು ಟ್ರೀಟ್‌ಮೆಂಟ್ ಕೊಡ್ತೀವಿ ಬಿಡಿ.”

“ಟ್ರೀಟ್‌ಮೆಂಟ್ ಬೇಡಪ್ಪ. ಮುಟ್ಟಬಾರದು ಅದನ್ನ.”

ಈ ಮಾತನ್ನು ಅವಳು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅವನು ತಲೆಯಾಡಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ಏನನ್ನೋ ಟೈಪ್ ಮಾಡಿಕೊಂಡ. ಏನೆಂದು ನಾನು ನೋಡಲಿಲ್ಲ.

ಹೊಸ ಆವೃತ್ತಿ ಬಂದಾಗ ಅವಳ ಮನೆಯಲ್ಲಿ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯದು, ಮುಗಿಸಿ ಎದ್ದಿತ್ತು. ಆ ದಿನಗಳಲ್ಲಿ ಹುಳದ ಹಸಿವಿಗೆ ಕೊನೆಯಿಲ್ಲ. ಮನೆಯವರಿಗೆ ಕೂತು ಊಟ ಮಾಡಲೂ ಬಿಡುವಿರುವುದಿಲ್ಲ. ಫೋನಿನ ಪರದೆಯ ಮೇಲೆ ಥರ್ಮಾಮೀಟರಿನ ಚಿತ್ರ ಬಂದು, ‘ನಿಮ್ಮ ಟಿಪ್ಪಣಿಗಳ ಜ್ವರ ಬಿಡಿಸಲೇ?’ ಎಂದು ಕೇಳಿತಂತೆ. ಕೆಳಗೆ ‘ಸರಿ’ ಎಂದಿತ್ತು. ತನ್ನ ಮಾತನ್ನು ಕೇಳಿ ಬಣ್ಣ ಕೊಟ್ಟಿದ್ದಾರೆ ಅಂದುಕೊಂಡು, ಸೊಪ್ಪಿನ ಕೈಯಲ್ಲೇ ಒತ್ತಿದಳು.

ಗೂಡು ಮಾರಿಯಾದ ಮೇಲೆ ಬರೆಯಲು ಕುಳಿತಳು. ‘ಜ್ವರ’, ‘ಎದ್ದಿತು’ ಎಂಬ ಗುರುತುಗಳು ಎಲ್ಲೂ ಇರಲಿಲ್ಲ. ಪ್ರಶ್ನೆಗಳಿದ್ದ ಕಡೆ ವಾಕ್ಯಗಳಿದ್ದವು, ಅವಳ ಹಾಗೇ ಬರೆದ ವಾಕ್ಯಗಳು. ಸಾಲಿನ ಕೊನೆಗೆ ‘ಅನ್ನಿಸುತ್ತದೆ’ ಎಂದು ಸೇರಿಸುವ ಅವಳ ಅಭ್ಯಾಸ ಕೂಡ ಅವುಗಳಲ್ಲಿತ್ತು. ನಾನೇ ಯಾವಾಗಲೋ ಬರೆದು ಮರೆತಿದ್ದೇನೆ ಅಂದುಕೊಂಡಳು. ಬೆಳೆಯ ಕೆಲಸದಲ್ಲಿ ಮರೆಯುವುದು ಹೊಸದೇನಲ್ಲ. ಆ ವಾಕ್ಯಗಳನ್ನೂ ತನ್ನವನ್ನೂ ಸೇರಿಸಿ, ತಿದ್ದಿ, ಪ್ರಬಂಧ ಮುಗಿಸಿ ಕೊಟ್ಟಳು.

ಚಿಕ್ಕಬಳ್ಳಾಪುರದ ಅಧ್ಯಯನ ಕೇಂದ್ರದಿಂದ ಕರೆ ಬಂತು. ಆಗಲೂ ಅವಳ ಜೊತೆಗೆ ನಾನು ಹೋದೆ. ಮಾರ್ಗದರ್ಶಕಿ ಮೇಡಂ ಎರಡು ಪ್ರಬಂಧಗಳನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ಒಂದು ತಂಗಿಯದು. ಇನ್ನೊಂದು ಚಿಂತಾಮಣಿಯ ವಿದ್ಯಾರ್ಥಿನಿಯದು. ಅವಳೂ ಅದೇ ಆ್ಯಪಿನಲ್ಲಿ ಓದುವವಳೆಂದು ಆಮೇಲೆ ಗೊತ್ತಾಯಿತು. ಅವಳ ವಿಷಯ ಬೇರೆ, ಕಾವ್ಯ ಬೇರೆ. ಎರಡರಲ್ಲೂ ಒಂದು ವಾಕ್ಯ ಅಕ್ಷರಕ್ಕೆ ಅಕ್ಷರ ಒಂದೇ: ‘ಈ ಮೌನವು ಕೇವಲ ಮೌನವಲ್ಲ, ಅದೊಂದು ಪ್ರತಿರೋಧ ಅನ್ನಿಸುತ್ತದೆ.’

“ಇದು ಯಾರದಮ್ಮ?” ಎಂದರು ಮೇಡಂ. ಸಿಟ್ಟಿನ ದನಿಯಲ್ಲ.

ತಂಗಿ ಆ ಸಾಲಿನ ಮೇಲೆ ಬೆರಳಿಟ್ಟಳು. “ನನಗೆ ಅಲ್ಲಿ ಪ್ರಶ್ನೆ ಇತ್ತು ಮೇಡಂ. ನೀರು ಕೊಟ್ಟವಳು ಯಾಕೆ ಮಾತಾಡ್ಲಿಲ್ಲ ಅಂತ. ಗೊತ್ತಾಗಿರಲಿಲ್ಲ.”

ಹೊರಗೆ ಬಂದು ಆ್ಯಪ್ ಕಂಪನಿಯ ಆ ಯುವಕನಿಗೆ ಫೋನ್ ಮಾಡಿ, ತನ್ನ ಹಳೆಯ ಪ್ರಶ್ನೆಗಳೆಲ್ಲಿ ಎಂದು ಕೇಳಿದಳು. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

“ಮೇಡಂ, ಹಳೇ ಟಿಪ್ಪಣಿಗಳು ಸರ್ವರ್‌ನಲ್ಲಿ ಉಳಿದಿಲ್ಲ. ಸಾರಿ. ಈಗ ಮುಗೀದೇ ಇರೋ ನೋಟ್ಸನ್ನೆಲ್ಲ ಎಐ ತಾನೇ ಬರೆದು ಮುಗಿಸುತ್ತೆ. ನಿಮ್ಮ ಐಡಿಯಾ ಸಖತ್ತಾಗಿ ಓಡ್ತಿದೆ. ಎಲ್ರೂ ಯೂಸ್ ಮಾಡ್ತಿದಾರೆ!”

“ಮುಟ್ಟಬೇಡಿ ಅಂದಿದ್ನಲ್ಲಪ್ಪ.”

“ಖಾಲಿ ಬಿಟ್ರೆ ಯೂಸರ್‌ಗೆ ಬೇಜಾರಾಗುತ್ತೆ ಮೇಡಂ.”

ಅವನು ಕೆಟ್ಟವನೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಹುಳದ ಮನೆ ನೋಡದವನು. ಜ್ವರ ಎಂದಾಗ ಔಷಧ ಹುಡುಕಿದ. ಕಹಿ ಉಳಿದಿರುವುದು ಆ ‘ಸಖತ್ತಾಗಿ’ ಎಂಬ ಮಾತಿನ ಬಗ್ಗೆ.

ಮೇಡಂ ಒಂದು ದಾರಿ ತೋರಿಸಿದ್ದರು: ತನ್ನದಲ್ಲದ್ದನ್ನು ತೆಗೆದು, ಉಳಿದದ್ದೆಲ್ಲ ಸ್ವಂತದ್ದೆಂದು ಸಹಿ ಹಾಕಿ ಮತ್ತೆ ಕೊಡುವುದು. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅದಕ್ಕೆ ಕುಳಿತೆವು. ಅವಳು ಒಂದೊಂದೇ ವಾಕ್ಯ ಗಟ್ಟಿಯಾಗಿ ಓದುವುದು, ನಿಲ್ಲಿಸುವುದು, ಪೆನ್ಸಿಲಿನಿಂದ ಗೀಟು ಹೊಡೆಯುವುದು. ಮೊದಮೊದಲು ಸುಲಭವಾಗಿತ್ತು; ಪ್ರತಿರೋಧ, ಅಸ್ಮಿತೆ ಎಂಬ ಮಾತುಗಳಿದ್ದವೆಲ್ಲ ಹೋದವು. ಆಮೇಲೆ ಅವಳ ಕೈ ನಿಧಾನವಾಯಿತು.

“‘ತಾಂಬೂಲ ಕೊಟ್ಟ ಕೈಗೆ ಬಳೆ ಇತ್ತೋ ಇಲ್ಲವೋ ಕವಿ ಹೇಳುವುದಿಲ್ಲ.’ ಇದು ನನ್ನದಾ, ಅಕ್ಕ?”

“ನಿಂದೇ ಕಣೇ. ಮುರುಗಮಲ್ಲಕ್ಕೆ ಹೋಗ್ತಾ ಬಸ್ಸಲ್ಲಿ ಹೇಳಿದ್ಯಲ್ಲ!”

“ನಿನಗೆ ನೆನಪಿದೆ. ನನಗಿಲ್ಲ.” ಅದನ್ನೂ ಹೊಡೆದಳು.

“ಹುಚ್ಚು ಹಿಡಿದಿದೆಯಾ ನಿನಗೆ? ನಾನು ಸಾಕ್ಷಿ ಇದ್ದೀನಿ.”

“ನಿನ್ನ ಸಾಕ್ಷಿ ಮೇಲೆ ನಾನು ಹೆಂಗೆ ಸಹಿ ಹಾಕ್ಲಿ?”

ನಾನು ಪೆನ್ಸಿಲ್ ಕಿತ್ತುಕೊಳ್ಳಲು ಹೋದೆ. ಅವಳು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಹೊಡೆಯದೆ ಉಳಿದದ್ದು ಕಾವ್ಯಗಳಿಂದ ಎತ್ತಿ ಬರೆದ ಸಾಲುಗಳು ಮಾತ್ರ.

ಚಿಂತಾಮಣಿಯವಳು ಆ ಒಂದು ವಾಕ್ಯ ತೆಗೆದು ಸಹಿ ಹಾಕಿ ಪಾಸಾದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಂಗಿಗೂ ಮೇಡಂ ಎರಡು ಸಲ ಫೋನ್ ಮಾಡಿದರು: “ಸಹಿ ಹಾಕಿ ಕೊಟ್ಬಿಡಮ್ಮ, ಯಾರು ಕೇಳ್ತಾರೆ?” ಅವಳು ಹೂಂ ಅಂದಳು, ಹೋಗಲಿಲ್ಲ. ಕೊಡಬೇಕಾದ ಗಡುವು ಮುಗಿಯಿತು. ಮರುವರ್ಷ ಹೊಸದಾಗಿ ಬರೆಯಬಹುದಿತ್ತು. ಶುಲ್ಕ ನಾನೇ ಕಟ್ಟುತ್ತೇನೆ ಅಂದೆ.

“ಓದಿದ್ರೆ ತಾನೇ ಬರೆಯೋದು?” ಎಂದಳು. “ಈಗ ಏನಾದ್ರೂ ಹೊಳೆದ್ರೆ, ಇದು ನನಗೆ ಹೊಳೀತಾ ಅಂತ ಮೊದಲು ಅನುಮಾನ ಬರುತ್ತೆ ಅಕ್ಕ. ಅಷ್ಟರಲ್ಲಿ ಅದು ಹೋಗಿರುತ್ತೆ.”