ಕಾಯಿಲೆಯ ತಲೆಗೆ ಕಟ್ಟಿದ ಏಟುಗಳು

ನನ್ನ ಎಡಹುಬ್ಬಿನ ಮೇಲೊಂದು ಕಲೆ ಇದೆ. ನೋಡಿದವರೆಲ್ಲ ಫಿಟ್ಸ್ ಬಂದು ಬಿದ್ದದ್ದಾ ಎಂದು ಕೇಳುತ್ತಾರೆ. ನಾಲ್ಕು ವರ್ಷ ನಾನೂ ಹೌದು ಎಂದೆ. ಆ ಹೌದು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಿಪಟೂರಿನಲ್ಲಿ ನಾವಿಬ್ಬರು ಹೆಂಗಸರು ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ನಾನು ಮಂಡಿಯಲ್ಲಿ ಉಂಡೆ ಕೊಬ್ಬರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ, ಅವಳು ಔಷಧಿ ಅಂಗಡಿಯಲ್ಲಿದ್ದಳು. ಒಳಗೆ ಗಂಡ ಹೆಂಡತಿಯ ಹಾಗೆ ಬಾಳಿದೆವು. ಹೊರಗೆ ಮಾತ್ರ ಅವಳು ನನ್ನ ಚಿಕ್ಕಮ್ಮನ ಮಗಳು. ಕೆಳಗಿದ್ದ ಮನೆಯೊಡತಿ, ಗಂಡ ತೀರಿಹೋದ ಮುದುಕಿ, ಅದನ್ನು ನಂಬಿದ್ದರು. ನನಗೆ ಇಪ್ಪತ್ತನೇ ವಯಸ್ಸಿನಿಂದ ಫಿಟ್ಸ್ ಇದೆ ಎಂದು ಗೊತ್ತಾದ ಮೇಲಂತೂ, ಔಷಧಿ ಅಂಗಡಿಯವಳೇ ಮನೆಯಲ್ಲಿದ್ದಾಳೆ, ನಿನ್ನ ಪುಣ್ಯ ಎಂದು ಕಂಡಾಗಲೆಲ್ಲ ಹೇಳುತ್ತಿದ್ದರು. ಎಂಥ ಪುಣ್ಯವೋ.

ನನ್ನ ಮಾತ್ರೆಗಳು ಅವಳ ವ್ಯಾನಿಟಿ ಬ್ಯಾಗಿನಲ್ಲಿರುತ್ತಿದ್ದವು. ಡಾಕ್ಟರ ಚೀಟಿಯೂ ಅಲ್ಲೇ. ಸಾರಿಗೆ ಉಪ್ಪು ಜಾಸ್ತಿಯಾದರೆ, ಮಂಡಿಯಲ್ಲಿ ಯಾರ ಜೊತೆಗೋ ನಕ್ಕೆನೆಂದು ಅವಳ ಕಿವಿಗೆ ಬಿದ್ದರೆ, ಮೊದಲು ಏಟು. ಆಮೇಲೆ ಬ್ಯಾಗು ತೆರೆಯುತ್ತಿರಲಿಲ್ಲ. ಕಾಲಿಗೆ ಬೀಳು, ಕೊಡುತ್ತೇನೆ ಎನ್ನುತ್ತಿದ್ದಳು. ಬಿದ್ದಿದ್ದೇನೆ. ಎರಡು ದಿನ ಮಾತ್ರೆ ತಪ್ಪಿದರೆ ಮೂರನೆಯ ದಿನ ನಿಜವಾಗಿಯೂ ಫಿಟ್ಸ್ ಬರುತ್ತಿತ್ತು. ಎಚ್ಚರವಾದಾಗ ನನ್ನ ತಲೆ ಅವಳ ತೊಡೆಯ ಮೇಲಿರುತ್ತಿತ್ತು, ಅವಳು ಬಾಯಿ ಒರೆಸುತ್ತಾ ಅಳುತ್ತಿದ್ದಳು. ಆ ಅಳು ನನಗೆ ಬೇಕಾಗಿತ್ತು. ಅದಕ್ಕೇ ನನ್ನ ಮೇಲೂ ನನಗೆ ಸಿಟ್ಟು.

ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಪಕ್ಕಕ್ಕೆ ಮಲಗಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು, ಆದರೆ ಕೇಳುವವರಾರು. ಮೇಲೆ ದಡ್ ಎಂದರೆ ಸಾಕು, ಮನೆಯೊಡತಿ ತೆಂಗಿನಕಾಯಿ ಒಣಗಲು ಹಾಕಿದ್ದ ಅಟ್ಟದ ಬೀಗದ ಕೈ ಗೊಂಚಲನ್ನು ಸೊಂಟದಿಂದ ಕಿತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ನಾನೇ ಬಿದ್ದರೂ, ಅವಳು ಬೀಳಿಸಿದರೂ ಕೆಳಗೆ ಕೇಳುವುದು ಒಂದೇ ಸದ್ದು. ಅವಳು ನನ್ನ ಹುಬ್ಬು ಒಡೆದ ಮೊದಲ ವರ್ಷವೇ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದ ಕೂಡಲೇ ನಾನು ಕಣ್ಣು ಮುಚ್ಚಿ ಕೈಕಾಲು ಸೆಟೆಸುವುದನ್ನು ಕಲಿತೆ. ನನ್ನ ಕಾಯಿಲೆಯ ವೇಷ ನಾನೇ ಹಾಕಿದೆ, ನನ್ನನ್ನು ಹೊಡೆದವಳ ಮಾನ ಉಳಿಸುವುದಕ್ಕೆ. ಆ ಮುದುಕಿ ಪ್ರತಿ ಸಲವೂ ಬೀಗದ ಕೈ ಹಿಡಿಸಿ, ನನ್ನ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಅದುಮಿ ಕೂರುತ್ತಿದ್ದರು.

ಕೊನೆಯ ಸಲ ಅದೊಂದು ಭಾನುವಾರ ಬೆಳಗ್ಗೆ. ನಾಲ್ಕು ಮಾತ್ರೆಗಳನ್ನು ಕದ್ದು ರಾಗಿ ಹಿಟ್ಟಿನ ಡಬ್ಬದಲ್ಲಿ ಹುದುಗಿಸಿಟ್ಟಿದ್ದೆ. ಮುದ್ದೆಗೆ ಹಿಟ್ಟು ತೆಗೆಯಲು ಹೋದವಳಿಗೆ ಸಿಕ್ಕಿಬಿಟ್ಟವು. ಡಬ್ಬ ನೆಲಕ್ಕೆ ಬಡಿದಳು, ನನ್ನ ತಲೆಯನ್ನು ಬಾಗಿಲ ಚೌಕಟ್ಟಿಗೆ. ಕೆಳಗಿಂದ ಹೆಜ್ಜೆ ಕೇಳಿತು. ನಾನು ಕಣ್ಣು ಮುಚ್ಚಿದೆ. ಮುದುಕಿಯ ಸೊಂಟದ ಬಿಸಿ ಆರದ ಬೀಗದ ಕೈ ಅಂಗೈಗೆ ಬಂತು.

"ಪಾಪ, ಎಂಥಾ ಕಾಯ್ಲೆನವ್ವ ಇದು, ಹಿಂಗೆ ಹೊಡ್ದಾಕ್ತದಲ್ಲ," ಎಂದರು.

ನನ್ನ ಕಾಯಿಲೆ ನನ್ನನ್ನು ಬೀಳಿಸಿದೆ, ನಾಲಗೆ ಕಚ್ಚಿಸಿದೆ, ಮಂಡಿಯ ಜನದ ಎದುರು ಸೀರೆ ಒದ್ದೆ ಮಾಡಿಸಿದೆ. ಉಪ್ಪು ಜಾಸ್ತಿಯಾಯಿತೆಂದು ಒಂದು ದಿನವೂ ಕೈ ಎತ್ತಿಲ್ಲ. ಅದರ ಮೇಲೆ ಇನ್ನೆಷ್ಟು ಅಪವಾದ ಹೊರಿಸಲಿ? ಎದ್ದು ಕೂತೆ.

"ನಂಗೆ ಫಿಟ್ಸ್ ಬಂದಿಲ್ಲ ಕಣಮ್ಮ. ಇವ್ಳು ಹೊಡುದ್ಲು. ಮಾತ್ರೆನೂ ಇವ್ಳೇ ಬಚ್ಚಿಟ್ಕೊತಾಳೆ."

ಹೆಂಗಸು ಹೆಂಗಸಿಗೆ ಯಾಕೆ ಹೊಡೆಯುತ್ತಾಳೆ ಎಂದು ಅವರು ನಗುವುದಕ್ಕೆ ನೋಡಿದರು. ನಾವು ಅಕ್ಕ ತಂಗಿ ಅಲ್ಲ, ಗಂಡ ಹೆಂಡತಿ ಇದ್ದ ಹಾಗೆ ಎಂದೆ. ಫಿಟ್ಸ್ ತಲೆಗೇರಿ ಏನೇನೋ ಬಡಬಡಿಸುತ್ತಿದ್ದಾಳೆ ಎಂದಳು ಅವಳು. ಮುದುಕಿ ನನ್ನ ಹಣೆ ನೋಡಿದರು, ನೆಲದ ಹಿಟ್ಟು ನೋಡಿದರು. ಬಗ್ಗಿ ನಾಲ್ಕೂ ಮಾತ್ರೆ ಹೆಕ್ಕಿ ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟು, ಬೀಗದ ಕೈ ವಾಪಸ್ ತೆಗೆದುಕೊಂಡರು.

"ತಿಂಗ್ಳೊಳಗೆ ಮನೆ ಖಾಲಿ ಮಾಡ್ರವ್ವ, ಇಬ್ರೂವೆ," ಎಂದು ಗೋಡೆ ನೋಡುತ್ತಾ ಹೇಳಿದರು.

ಹೊಡೆದವಳಿಗೂ ಹೊಡೆಸಿಕೊಂಡವಳಿಗೂ ಸೇರಿಸಿ ಹೇಳಿದ ಆ 'ಇಬ್ರೂವೆ'ಯನ್ನು ನಾನಿನ್ನೂ ಕ್ಷಮಿಸಿಲ್ಲ. ತಿಂಗಳು ಕಾಯದೆ ಆ ವಾರವೇ ಒಬ್ಬಳೇ ಹೊರಟೆ.

ಈಗ ತುರುವೇಕೆರೆಯಲ್ಲಿ ಒಂದು ಕೊಬ್ಬರಿ ಗೋಡೌನಿನ ಕೆಲಸಕ್ಕಿದ್ದೇನೆ. ಮಾತ್ರೆ ನನ್ನ ಬ್ಯಾಗಿನಲ್ಲಿದೆ, ಚೀಟಿಯೂ. ಫಿಟ್ಸ್ ಅಪರೂಪಕ್ಕೆ ಬರುತ್ತದೆ, ಹೋಗುತ್ತದೆ. ಮೊನ್ನೆ ಗೋಡೌನಿನಲ್ಲಿ ಚೀಲ ಹೊಲಿಯುವ ಅಕ್ಕ ಹುಬ್ಬಿನ ಕಲೆ ನೋಡಿ ಅದೇ ಪ್ರಶ್ನೆ ಕೇಳಿದಳು. ಅಲ್ಲ, ಹೊಡೆದದ್ದು ಎಂದೆ.

"ಯಾವ ಗಂಡ್ಸೇ ಅವ್ನು?" ಎಂದಳು.

"ಗಂಡ್ಸಲ್ಲ ಕಣಕ್ಕ. ನಂಜೊತೆ ಬಾಳ್ವೆ ಮಾಡ್ದೋಳು."

ಅವಳ ದಬ್ಬಳ ಚೀಲದಲ್ಲೇ ನಿಂತಿತು. ನಾನು ಕೊಬ್ಬರಿ ಆರಿಸುವುದನ್ನು ಮುಂದುವರಿಸಿದೆ.