ಗೆರೆಯ ಯಾವ ಕಡೆ ಬ್ಲೇಡು

ಕಳೆದ ವರ್ಷದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಒಂದು ಹೊಸ ಮನೆಗೆ ನೆಲದ ಟೈಲ್ಸ್ ಹಾಕುತ್ತಿದ್ದೆ. ನಾನು ಟೈಲ್ಸ್ ಮೇಸ್ತ್ರಿಯಾಗಿ ಇಪ್ಪತ್ತು ವರ್ಷ ದಾಟಿದೆ. ಇಷ್ಟರಲ್ಲಿ ಮೊಣಕಾಲು ಸವೆದಿವೆ, ಚಿಂತೆ ಮಾತ್ರ ಸವೆದಿಲ್ಲ. ನಿನ್ನೆ ಕೂರಿಸಿದ ಟೈಲ್ ಇವತ್ತು ಎದ್ದಿದ್ದರೆ ಏನು ಗತಿ ಎಂದು ಎಲ್ಲರಿಗಿಂತ ಮೊದಲು ಹೋಗಿ ಬೆರಳಿನಿಂದ ತಟ್ಟಿ ನೋಡುವವನು ನಾನು.

ಮನೆಯ ಯಜಮಾನಿ ನೀಲಕ್ಕ, ಹತ್ತಿ ವ್ಯಾಪಾರದ ಮನೆತನದವರು. ಕೆಲಸ ಲಗು ಮುಗಿಯಲಿ ಎಂದು ಇಬ್ಬರು ಮೇಸ್ತ್ರಿಗಳನ್ನು ಹಚ್ಚಿದ್ದರು. ಮಲಗುವ ಕೋಣೆಗಳು ಮತ್ತು ಊಟದ ಜಾಗ ನನಗೆ. ಬಂದವರೆಲ್ಲ ಮೊದಲು ಕಾಲಿಟ್ಟು ಹೊಗಳುವ ಹಾಲ್ ರಫೀಕನಿಗೆ. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು. ನನ್ನನ್ನು ಕಾಕಾ ಎನ್ನುತ್ತಾನೆ. ಅದೂ ನನಗೆ ಹಿಡಿಸದು.

ಅವನ ಹತ್ತಿರ ನೀರು ಬಿಟ್ಟುಕೊಂಡು ಟೈಲ್ ಕೊಯ್ಯುವ ಹೊಸ ಮಷಿನ್, ವೆಟ್ ಸಾ, ಇತ್ತು. ಉದ್ದನೆಯ ಮೇಜು, ಹಳಿಯ ಮೇಲೆ ಓಡುವ ಮೋಟಾರು, ವಜ್ರದ ಹರಳು ಕೂಡಿಸಿದ ಬ್ಲೇಡು, ಅದರ ಮೇಲೆ ಸದಾ ಬೀಳುವ ನೀರು. ನೀರಿದ್ದರೆ ಬ್ಲೇಡು ಕಾಯುವುದಿಲ್ಲ, ದೂಳು ಏಳುವುದಿಲ್ಲ, ಟೈಲ್‌ನ ಅಂಚಿನಿಂದ ಚಕ್ಕೆ ಹಾರುವುದಿಲ್ಲ. ನಾನೋ ಬಾಟಲಿ ಮುಚ್ಚಳಕ್ಕೆ ತೂತು ಕೊರೆದು, ನೀರು ಹನಿಸಿಕೊಂಡು, ಕೈಮಷಿನ್‌ನಲ್ಲಿ ಕೊಯ್ಯುವವನು. ಸಂಜೆಗೂ ಅವನ ಅಂಗಿ ಇಸ್ತ್ರಿ ಮಾಡಿದಂತೆ; ನಾನು ದೂಳು ಮೆತ್ತಿ ಹಿಟ್ಟಿನ ಗಿರಣಿಯವನಂತೆ.

ದಿನಾ ಊಟದ ಬಿಡುವಿನಲ್ಲಿ ಅವನು ಆಚೆ ಹೋದ ಕೂಡಲೇ ಹಾಲಿಗೆ ನುಗ್ಗಿ ಅವನ ಅಂಚುಗಳ ಮೇಲೆ ಉಗುರು ಎಳೆದು ನೋಡುತ್ತಿದ್ದೆ. ಒಂದಾದರೂ ಚಕ್ಕೆ ಸಿಕ್ಕೀತು ಎಂಬ ಆಸೆ. ಸಿಗುತ್ತಿರಲಿಲ್ಲ.

ಹಾಲ್ ಮತ್ತು ಊಟದ ಜಾಗದ ನಡುವೆ ಕರಿ ಗ್ರಾನೈಟ್ ಹೊದಿಸಿದ ಒಂದು ಕಂಬ. ಅದರ ಮೂಲೆಗೆ ಕೂರುವ ಟೈಲ್ ಅರ್ಧ ಅವನ ಪಾಲಿನದು, ಅರ್ಧ ನನ್ನದು. ಐದು ಅಡಿಗೂ ಮಿಕ್ಕ ಉದ್ದದ ಬಿಳಿ ಟೈಲ್. ಅದರ ಒಂದು ಮೂಲೆಯನ್ನು ಎಲ್ ಆಕಾರದಲ್ಲಿ ಕೊಯ್ದು ತೆಗೆಯಬೇಕು. ಉಳಿದಿದ್ದದ್ದು ಅದೊಂದೇ. ಅಂಗಡಿಯಲ್ಲಿ ಆ ಲಾಟ್ ಮುಗಿದಿತ್ತು, ಮುಂದಿನ ಲಾಟ್‌ನ ಬಿಳುಪು ಬೇರೆ.

ನೀಲಕ್ಕ ಇಬ್ಬರನ್ನೂ ನಿಲ್ಲಿಸಿ ಹೇಳಿದರು: "ಗೋಕುಲ ರೋಡಿನ್ಯಾಗ ನನ್ನ ತಂಗಿ ಮನಿ ಏಳಾಕತ್ತೈತಿ. ಇದನ್ನ ಕೆಡಿಸಿದವ್ರು ಆ ಕಡೆ ಹಾಯೂದ ಬ್ಯಾಡ, ಮೊದ್ಲ ಹೇಳೇನಿ."

ನನ್ನ ನೆಲ ಕಂಬದವರೆಗೆ ಬಂದಿದ್ದರಿಂದ ಅಳತೆ ನನ್ನದು, ಮಷಿನ್ ಅವನದಾದ್ದರಿಂದ ಕೊಯ್ತ ಅವನದು. ಟೇಪು ಹಿಡಿದು ಅಳೆದೆ, ಮತ್ತೆ ಅಳೆದೆ, ಚಹಾ ಕುಡಿದು ಬಂದು ಮತ್ತೆ ಅಳೆದೆ.

"ಸಾಕ್ರಿ ಕಾಕಾ, ಕಂಬ ಎಲ್ಲೂ ಓಡಿ ಹೋಗೂದಿಲ್ಲ" ಎಂದ ರಫೀಕ್.

ಟೈಲ್ ಮೇಲೆ ಕಾಗದದ ಪಟ್ಟಿ ಅಂಟಿಸಿ ಗೆರೆ ಹಾಕಿಕೊಟ್ಟೆ. ಅವನು ಒಳಮೂಲೆಯಲ್ಲಿ ಸಣ್ಣ ತೂತು ಕೊರೆದ. ಅದಿಲ್ಲದಿದ್ದರೆ ದೊಡ್ಡ ಟೈಲ್ ಅಲ್ಲಿಂದಲೇ ಸೀಳುತ್ತದೆ. ನೀರು ಬಿಟ್ಟ, ಮೋಟಾರು ಚಾಲೂ ಮಾಡಿದ. ಬ್ಲೇಡು ಗೆರೆಯ ಯಾವ ಕಡೆ ಓಡಬೇಕೆಂದು ನಾನು ಹೇಳಿಯೇ ಇಲ್ಲ ಎಂದು ಆಗ ಹೊಳೆಯಿತು.

ನಮ್ಮ ಕಸುಬಿನಲ್ಲಿ ಎರಡು ರೂಢಿ. ನಾನು ಬೇಕಾದ ಅಳತೆಗೆ ಸರಿಯಾಗಿ ಗೆರೆ ಹಾಕುತ್ತೇನೆ. ಬ್ಲೇಡು ಬಿಸಾಡುವ ಕಡೆ ಓಡಬೇಕು, ಗೆರೆ ಟೈಲ್‌ನಲ್ಲಿ ಉಳಿಯಬೇಕು. ಇನ್ನು ಕೆಲವರು ಬ್ಲೇಡು ಇಳಿಯುವ ಜಾಗಕ್ಕೇ ಗೆರೆ ಹಾಕುತ್ತಾರೆ; ಅವರ ಬ್ಲೇಡು ಗೆರೆ ತಿನ್ನುತ್ತದೆ. ಬ್ಲೇಡಿನ ದಪ್ಪ ಎರಡು ಮಿಲಿಮೀಟರ್. ಅಷ್ಟು ಹೆಚ್ಚು ಹೋದರೂ ಕರಿ ಕಂಬದ ಪಕ್ಕ ಬಾಯಿ ತೆರೆದ ಸಂದಿ ಜನ್ಮಪೂರ್ತಿ ಕಾಣುತ್ತದೆ.

ಕೇಳಿದರೆ ಈ ಹುಡುಗನ ಮುಂದೆ ಸಣ್ಣವನಾಗುತ್ತೇನೆ. ಕೇಳದಿದ್ದರೆ ಅಳತೆ ತಪ್ಪೆಂಬ ಹೆಸರು ನನಗೇ. ಅಲ್ಲವೆಂದು ತೋರಿಸಲು ಗೆರೆಯೇ ಉಳಿದಿರುವುದಿಲ್ಲ. ನನ್ನ ಹೊಟ್ಟೆಕಿಚ್ಚು ದೊಡ್ಡದೇ, ಆದರೆ ಹೆದರಿಕೆ ಅದಕ್ಕಿಂತ ದೊಡ್ಡದು.

"ಏ ರಫೀಕ, ತಡಿಯೋ! ಗೆರಿ ತಿಂತಿಯೋ, ಉಳಸ್ತಿಯೋ?"

ಅವನು ಮೋಟಾರು ಬಂದ್ ಮಾಡಿ ನಕ್ಕ. "ನಾ ತಿನ್ನಾಂವನ ಕಾಕಾ. ಆದ್ರ ಇದನ್ನ ಉಳಸ್ತೇನಿ. ನೀವು ಉಳಸಾವ್ರು ಅಂತ ಗೊತ್ತೈತಿ."

"ಯಾರ್ ಹೇಳಿದ್ರು?"

"ನೀವು ಊಟದ ಹೊತ್ತಿನ್ಯಾಗ ನನ್ನ ಅಂಚ ಕೆರಿಯಾಕ ಬರ್ತಿದ್ರಲ್ಲ, ಆಗ ನಾ ನಿಮ್ಮ ಕ್ವಾಣ್ಯಾಗ ಕೊಯ್ದಿಟ್ಟ ಟೈಲ್ ನೋಡಾಕ ಹೋಗ್ತಿದ್ದೆ. ಒಂದೊಂದರ ಅಂಚಿಗೂ ಗೆರಿ ಹಂಗ ಉಳದಿತ್ತು. ಕೈಮಷಿನ್ಯಾಗ ಇಷ್ಟ್ ಸೀದಾ ಹೆಂಗ್ ಬರ್ತೈತ್ರಿ? ಖರೇ ಹೇಳ್ತೇನಿ, ಹೊಟ್ಟಿ ಉರೀತೈತಿ."

ನಾನು ಖುಷಿಪಡಬೇಕಿತ್ತು. ಬದಲಿಗೆ, ಗೆರೆ ನೋಡುವ ಬುದ್ಧಿ ನನಗೇಕೆ ಹೊಳೆಯಲಿಲ್ಲ ಎಂದು ಇನ್ನಷ್ಟು ಉರಿಯಿತು.

ರಫೀಕ ಗೆರೆ ಬಿಟ್ಟು, ಒತ್ತದೆ, ನಿಧಾನವಾಗಿ ಕೊಯ್ದ. ತನ್ನ ದೊಡ್ಡ ದುಂಡನೆಯ ಬ್ಲೇಡು ಮೂಲೆ ದಾಟಿ ಹೋದೀತೆಂದು ಕೊನೆಯ ಬೆರಳಗಲವನ್ನು ಸಣ್ಣ ಬ್ಲೇಡಿನ ನನ್ನ ಕೈಮಷಿನ್‌ಗೆ ಬಿಟ್ಟ. ಟೈಲ್ ಕೂತಿತು, ಸಂದಿ ಎರಡೂ ಬದಿಗೆ ಒಂದೇ ಸಮ. ನೀಲಕ್ಕ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದರು.

"ಯವ್ವಾ, ಏನ್ ಭಾರಿ ಮಷಿನ್ ಐತ್ರಿ ಇದು! ತಂಗಿ ಮನಿಗೆ ಇಬ್ರೂ ಬರ್ರಿ. ಮಷಿನ್ ತರೂದ್ ಮರೀಬ್ಯಾಡ್ರಿ."

ರಫೀಕನ ಮುಖ ಸಣ್ಣದಾಯಿತು. ನನ್ನದೂ. ಅಂದು ಮೊದಲ ಬಾರಿ ಇಬ್ಬರೂ ಸೇರಿ ಒಂದೇ ವಸ್ತುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆವು.

ಆ ಮೂಲೆ ಕಲಿಸಿದ್ದು ಇಷ್ಟೇ: ಅಳೆಯುವ ಕೈ ಒಂದು, ಕೊಯ್ಯುವ ಕೈ ಇನ್ನೊಂದು ಇದ್ದಾಗ ಬರೀ ಗೆರೆ ಸಾಲದು. ಈಗ ಗೆರೆಯ ಪಕ್ಕ, ಬಿಸಾಡುವ ಭಾಗದ ಮೇಲೆ, ಒಂದು ಗುಣಾಕಾರದ ಗುರುತು ಹಾಕುತ್ತೇನೆ. ನೀಲಕ್ಕನ ತಂಗಿಯ ಮನೆಯಲ್ಲಿ ರಫೀಕನೂ ಹಾಕಲು ಶುರು ಮಾಡಿದ್ದಾನೆ. ಅವನ ಗುರುತು ನನ್ನದಕ್ಕಿಂತ ನೀಟಾಗಿರುತ್ತದೆ.