ಅಫೋಲೆಯಮ್ಮನ ಮೂಗು

ಅಫೋಲೆಯಮ್ಮ ನನ್ನನ್ನು ಅಳಿಯನನ್ನಾಗಿ ಮಾಡಿಕೊಳ್ಳಲು ನೋಡುತ್ತಿದ್ದಾಳೆ ಎಂದು ನಾನು ಒಂದು ಕಾಲಕ್ಕೆ ಗಟ್ಟಿಯಾಗಿ ನಂಬಿದ್ದೆ. ನಮ್ಮ ತೆಶಿ ಊರಿನ ಕಡಲ ದಂಡೆಯಲ್ಲಿ ಕೆಂಕಿ ಕಡುಬು ಬೇಯಿಸಿ ಮಾರುವ ಹೆಂಗಸು, ಐಸ್ ಫ್ಯಾಕ್ಟರಿಗೆ ಹೊರಟ ನನ್ನಂಥ ಗುಮಾಸ್ತನನ್ನು ದಿನಾ ಬೆಳಿಗ್ಗೆ ಒಲೆಯ ಹಿಂದಕ್ಕೆ ಕರೆದು, ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಮೂಗಿಗೆ ಹಿಡಿದು, "ಹೆಂಗಿದೆ ಹೇಳು" ಅಂದರೆ ಅವನು ಇನ್ನೇನು ಅಂದುಕೊಳ್ಳಬೇಕು? ಅವಳ ಮಗಳು ದೆಡೇ ಅಲ್ಲೇ ಕೂತು ಮಣ್ಣಿನ ಬಟ್ಟಲಲ್ಲಿ ಮೆಣಸು, ಟೊಮೆಟೊ ಅರೆಯುತ್ತಿರುತ್ತಿದ್ದಳು. ನಾನು ಷರಟಿಗೆ ಇಸ್ತ್ರಿ ಹಾಕಿಸತೊಡಗಿದೆ.

ಒಂದು ದಿನ ಧೈರ್ಯ ಮಾಡಿ, "ಇಂಥ ಕೈರುಚಿ ನಮ್ಮನೆಗೂ ಬಂದ್ರೆ ಎಷ್ಟು ಚೆಂದ ಅಲ್ವಾ ಅಮ್ಮಾ" ಅಂದೆ.

ದೆಡೇ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಇವ್ನಿಗೆ ಹಿಟ್ಟಲ್ಲ, ಮದುವೆ ವಾಸ್ನೆ ಬಡಿದಿದೆ!"

ಅಮ್ಮ ನಗಲಿಲ್ಲ. ಮಗಳು ನೀರಿಗೆ ಹೋಗುವವರೆಗೆ ಕಾದು, ನನ್ನ ತೋಳು ಹಿಡಿದುಕೊಂಡಳು. "ನಂಗೆ ಮೂಗು ಹೋಗಿದೆ, ಸೊವಾ. ಜ್ವರ ಬಂದು ಬಿಟ್ಟಾಗಿಂದ ಯಾವ ವಾಸ್ನೆನೂ ಗೊತ್ತಾಗಲ್ಲ. ದೆಡೇಗೂ ಹೇಳಿಲ್ಲ, ಅವಳ ಬಾಯಲ್ಲಿ ಮಾತು ನಿಲ್ಲಲ್ಲ."

"ನಾನೂ ಎಲ್ಲಾದ್ರೂ ಬಾಯಿ ಬಿಟ್ರೆ?"

"ದಿನಾ ‘ನಾಳೆ ಐಸ್ ಬರುತ್ತೆ’ ಅನ್ನೋನ ಮಾತು ಈ ಊರಲ್ಲಿ ಯಾರು ನಂಬ್ತಾರೆ?"

ಅಲ್ಲಿಗೆ ಇಸ್ತ್ರಿಯ ಖರ್ಚು ಉಳಿಯಿತು.

ಕೆಂಕಿಯ ಉಳಿದ ಕೆಲಸವನ್ನೆಲ್ಲ ಅವಳ ಕೈಯೇ ನೋಡಿಕೊಳ್ಳುತ್ತಿತ್ತು: ಹಿಟ್ಟಿನ ಅರ್ಧವನ್ನು ಕುದಿನೀರಲ್ಲಿ ತಿರುವಿ ಹಸಿ ಹಿಟ್ಟಿಗೆ ಕಲಸುವುದು, ಉಂಡೆ ಕಟ್ಟುವುದು, ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಂಡೆಯಲ್ಲಿ ಬೇಯಿಸುವುದು. ಆದರೆ ಹಿಟ್ಟು ಯಾವಾಗ ಹದಕ್ಕೆ ಹುಳಿಯಾಯಿತು, ಯಾವಾಗ ಮೀರಿತು ಎಂಬುದು ಮೂಗಿನ ಲೆಕ್ಕ. ಒಮ್ಮೆ ಬಾಣಲೆಯಲ್ಲಿ ಒಣಮೀನು, ಮೆಣಸು ಹುರಿಯುವಾಗ ಓಣಿಗೆ ಓಣಿಯೇ ಕೆಮ್ಮುತ್ತಿದ್ದರೆ, ಅವಳು ಆ ಹೊಗೆಗೇ ಮುಖವೊಡ್ಡಿ ಮತ್ತೆ ಮತ್ತೆ ಉಸಿರೆಳೆಯುತ್ತ ನಿಂತಿದ್ದಳು.

"ಏನಾದ್ರೂ ಬಂತಾ ಅಮ್ಮಾ?"

"ಕಣ್ಣೀರು ಬಂತು."

ಕೆಂಕಿಯ ಜೊತೆಗೆ ಕರಿದು ಕೊಡುವ ಮೀನನ್ನೂ ಮೂಸಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ದೋಣಿಯಿಂದ ಇಳಿದ ಮೀನು ನೇರ ಎಣ್ಣೆಗೆ ಹೋಗುತ್ತಿತ್ತು. ಮಂಗಳವಾರ ಮಾತ್ರ ಹಾಗಲ್ಲ. ಅಂದು ಕಡಲ ದೇವರಿಗೆ ಮೀಸಲಾದ ದಿನ, ನಮ್ಮವರು ಯಾರೂ ಬಲೆ ಹಾಕುವುದಿಲ್ಲ. ಸೋಮವಾರ ಕೊಂಡ ಮೀನನ್ನೇ ಐಸಿನಲ್ಲಿಟ್ಟು ಕರಿಯಬೇಕು. ಒಂದು ಸೋಮವಾರ ಕರೆಂಟಿರಲಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ತಣ್ಣಗಿದ್ದವನು ನಾನೊಬ್ಬನೇ.

ಮಂಗಳವಾರ ಮಧ್ಯಾಹ್ನ ಊಟಕ್ಕೆಂದು ಹೊರಟವನಿಗೆ ಚರಂಡಿ ದಾಟುವ ಮೊದಲೇ ನಾತ ಬಡಿಯಿತು. ಓಡಿದೆ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಟ್ಯಾಕ್ಸಿ ಡ್ರೈವರ್ ಓಕ್ಪೋಟಿ ಬಾಯಲ್ಲಿದ್ದುದನ್ನು ಉಗಿದಿದ್ದ.

"ಅಮ್ಮಾ, ಈ ಮೀನು ಎರಡು ಸಲ ಸತ್ತಿದೆ!"

ಉಳಿದವರೂ ತಟ್ಟೆ ಮೂಸಿ ದೂರ ತಳ್ಳಿದರು. ಅಮ್ಮ ನನ್ನ ಮುಖ ನೋಡಿದಳು. ನನ್ನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ಕರಿಯೋವಾಗ ನಿಂಗೆ ವಾಸ್ನೆ ಬರ್ಲಿಲ್ವಾ?" ಓಕ್ಪೋಟಿ ಕೇಳಿದ. "ಮೂಗಿಲ್ವಾ ನಿಂಗೆ?"

ನಾನು ಬಾಯಿ ತೆರೆದೆ. ಅಮ್ಮನೇ ಮುಂಚೆ ಮಾತಾಡಿದಳು.

"ಬಂತು. ಗೊತ್ತಿದ್ದೇ ಕರಿದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಕೇಳಬೇಕೆ? ಒಬ್ಬ ಥೂ ಅಂದ, ಒಬ್ಬ ಖಾರದ ಬಟ್ಟಲನ್ನು ಒದ್ದ. "ನಿನ್ನ ತಾಯಿ ಇದ್ದಿದ್ರೆ ನಾಚ್ಕೊಂಡು ಸಾಯೋಳು" ಅಂತ ಒಬ್ಬ ಮುದುಕಿ. ಅದನ್ನೆಲ್ಲ ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ದೆಡೇ ಎದ್ದು, ಅಮ್ಮನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ನಮ್ಗೂ ಇಂಥದನ್ನೇ ತಿನ್ಸಿದ್ದೀಯೇನಮ್ಮಾ?"

ಅಮ್ಮ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ದೆಡೇ ಕೈ ತೊಳೆಯದೆ ಮನೆ ಕಡೆ ನಡೆದುಬಿಟ್ಟಳು.

ಬೆಂಚು ಖಾಲಿಯಾಯಿತು. ಹಂಡೆ ತುಂಬ ಕೆಂಕಿ ಹಾಗೇ ಇತ್ತು. ಅಮ್ಮ ಮರಳು ತೋಡಿ ಮೀನು ಸುರಿಯುತ್ತಿದ್ದಳು. ಕೇಳಬಾರದಿತ್ತೇನೋ, ಕೇಳಿದೆ.

"ಮೋಸಗಾತಿ ಅನ್ನಿಸ್ಕೊಂಡ್ಯಲ್ಲಮ್ಮಾ, ಮಗಳ ಮುಂದೇನೇ. ಮೂಗಿಲ್ಲ ಅಂತ ನಿಜ ಹೇಳಿದ್ರೆ ಏನಾಗ್ತಿತ್ತು?"

ಅವಳು ತಿರುಗಿ ಕೂಡ ನೋಡಲಿಲ್ಲ.

"ಮೋಸಗಾತಿ ಅಂತ ಬೈದೋರು ನಾಲ್ಕು ದಿನ ಬಿಟ್ಟು ಬರ್ತಾರೆ. ಮೂಗಿಲ್ಲ ಅಂತ ಗೊತ್ತಾದ್ರೆ ಯಾವನೂ ಬರಲ್ಲ. ಅಂಗಡಿ ಮುಚ್ಚಿದ್ಮೇಲೆ ಹಿಟ್ಟು ಮೂಸೋಕೆ ನೀನೂ ಬರಲ್ಲ."